ಗುಡಿಸಬಾರದಾಗಿದ್ದ ದಾರಿ

ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿದ ಮೊದಲ ದಿನ ನನ್ನ ಕೈಗೆ ಬಂದದ್ದು ಸುಣ್ಣದ ಬಕೆಟ್ಟು. ಖಾಕಿ ಬಟ್ಟೆ, ಹೆಗಲಿಗೆ ಬಂದೂಕು, ಎದುರಿಗೆ ಹುಲಿ ಎಂದೆಲ್ಲ ಕನಸು ಕಟ್ಟಿಕೊಂಡು ಉಬ್ರಾಣಿಯಲ್ಲಿ ಬಸ್ಸಿಳಿದವನು ನಾನು. ಅಲ್ಲಿ ಫಾರೆಸ್ಟರ್ ಆಗಿದ್ದ ಕರಿಬಸಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟ ಆತೇನಪ್ಪಾ?" ಎಂದರು. ಆಯಿತು ಎಂದೆ.

"ಹಂಗಾದ್ರೆ ಅಂಗಿ ಬಿಚ್ಚಿಡು. ನಾಳೆ ದೊಡ್ಡ ಸಾಹೇಬ್ರು ಬರ್ತಾರೆ. ಗೇಟಿಂದ ಬಂಗ್ಲೆ ತನಕ ದಾರಿ ಗುಡಿಸಿ, ಬದಿ ಕಲ್ಲಿಗೆಲ್ಲಾ ಬಣ್ಣ ಹೊಡಿಬೇಕು. ಒಂದು ಬಿಳಿ, ಒಂದು ಕೆಂಪು. ತಪ್ಪಬಾರ್ದು ನೋಡು."

ಸಂಜೆಯವರೆಗೆ ಸುಣ್ಣ ಹೊಡೆದೆ, ಕೆಮ್ಮಣ್ಣು ಬಳಿದೆ. ಉತ್ಸಾಹ ಹೆಚ್ಚಾಗಿ ಒಂದು ಹುತ್ತಕ್ಕೂ ಬಳಿದುಬಿಟ್ಟೆ. ಮರುದಿನ ಸಾಹೇಬರು ಜೀಪಿನಲ್ಲಿ ಬಂದರು, ಊಟ ಮಾಡಿದರು, ಕಲ್ಲನ್ನೂ ನೋಡಲಿಲ್ಲ, ಕಾಡನ್ನೂ ನೋಡಲಿಲ್ಲ, ಹೊರಟುಹೋದರು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದೆ. ಕರಿಬಸಪ್ಪನವರು ಬೆನ್ನು ತಟ್ಟಿ, "ಏನೂ ಅನ್ಲಿಲ್ಲ ಅಂದ್ರೆ ಎಲ್ಲಾ ಚೆನ್ನಾಗೈತೆ ಅಂತ ಅರ್ಥ ಕಣೋ" ಎಂದರು. ಯಾರಾದರೂ ದೊಡ್ಡವರು ಬರುತ್ತಾರೆಂದರೆ ಗುಡಿಸು, ಸುಣ್ಣ ಹೊಡೆ. ಈ ಪಾಠ ನನ್ನ ಮೈಗೆ ಹತ್ತಿದ್ದು ಹೀಗೆ. ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಶ್ರದ್ಧೆಯಿಂದ ಪಾಲಿಸಿದೆ.

ನಿವೃತ್ತನಾಗಿ ಈಗ ಹೊನ್ನಾಳಿಯಲ್ಲಿದ್ದೇನೆ. ಕೆಲವು ದಿನಗಳ ಹಿಂದೆ, ಹೊಸದಾಗಿ ಸೇರಿದ ಗಾರ್ಡುಗಳಿಗೆ ನಾಲ್ಕು ಮಾತು ಹೇಳಿ ಎಂದು ದಾವಣಗೆರೆಗೆ ಕರೆದಿದ್ದರು. ಕಾಡು, ಕರ್ತವ್ಯ, ಪ್ರಾಮಾಣಿಕತೆ ಎಂದು ಅರ್ಧ ಗಂಟೆ ಕೊರೆದೆ. ಹಿಂದಿನ ಸಾಲಿನವರು ತೂಕಡಿಸಿದರು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಸರ್ವೀಸಿನಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?" ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ. ದಾವಣಗೆರೆಯಿಂದ ಹೊನ್ನಾಳಿಯವರೆಗೆ ಕಿಟಕಿಗೆ ತಲೆಯಾನಿಸಿ ಕೂತವನಿಗೆ ನಾಚಿಕೆಯಾಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಸೀದಾ ಅಲ್ಲಿಗೇ ಹೋಗಲಾರೆ. ಮುದುಕರ ಮಾತು ಸ್ವಲ್ಪ ಸುತ್ತಿ ಬರುತ್ತದೆ, ಸಹಿಸಿಕೊಳ್ಳಿ.

ಉಬ್ರಾಣಿ ಕಾಡಿನಲ್ಲಿ ನನಗೆ ಬಿದ್ದ ಮೊದಲ ಪೆಟ್ಟು ಒಂದು ಮತ್ತಿ ಮರದಿಂದ. ಆಗ ಕಾಡು ನೋಡಲು ಬರುವವರು ಕಡಿಮೆ. ವರ್ಷಕ್ಕೊಮ್ಮೆ ಯಾವುದೋ ಕಾಲೇಜಿನವರು ಬೆನ್ನಿಗೆ ಚೀಲ ಹಾಕಿಕೊಂಡು ಬಂದರೆ ನಮಗೆ ಅದು ಕಿರಿಕಿರಿ. ಇವರು ಯಾಕೆ ಬರುತ್ತಾರೆ, ಮನೆಯಲ್ಲಿ ಫ್ಯಾನ್ ಇಲ್ಲವೇ ಎಂದು ನಗುತ್ತಿದ್ದೆವು. ಅಂಥ ಒಂದು ಗುಂಪನ್ನು ನಡೆಸಿಕೊಂಡು ಹೋಗುವ ಕೆಲಸ ಆರು ತಿಂಗಳ ಗಾರ್ಡ್ ಆಗಿದ್ದ ನನಗೆ ಬಂತು. ದಾರಿ ಗೊತ್ತೇ ಎಂದು ಕರಿಬಸಪ್ಪನವರು ಕೇಳಿದಾಗ, ಕಣ್ಣು ಮುಚ್ಚಿಕೊಂಡು ಹೋಗುತ್ತೇನೆ ಎಂದಿದ್ದೆ. ಕಣ್ಣು ಬಿಟ್ಟುಕೊಂಡೇ ತಪ್ಪಿಸಿಕೊಂಡೆ. ಎರಡು ಗಂಟೆ ಸುತ್ತಿದರೂ ನಾವು ಮುಟ್ಟಬೇಕಿದ್ದ ಹಳ್ಳ ಸಿಗಲಿಲ್ಲ. ಆದರೆ ಮುಖದ ಮೇಲೆ ಮಾತ್ರ ಎಲ್ಲ ನನ್ನ ಲೆಕ್ಕದಂತೆಯೇ ನಡೆದಿದೆ ಎಂಬ ಗತ್ತು. ಒಬ್ಬ ತರುಣ ಮೆಲ್ಲಗೆ ಹೇಳಿದ: "ಸಾರ್, ಈ ಮತ್ತಿ ಮರ ತುಂಬಾ ಚೆನ್ನಾಗಿದೆ. ಹೋದ ಎರಡು ಸಲವೂ ಇಷ್ಟೇ ಚೆನ್ನಾಗಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಕೊನೆಗೆ ಆನೆ ಲದ್ದಿ ಬಿದ್ದ ಜಾಡು ಹಿಡಿದು ನೀರಿಗೆ ಬಂದು ಮುಟ್ಟಿದೆವು. ವಿಷಯ ಕೇಳಿ ಕರಿಬಸಪ್ಪನವರು ಬೈಯಲಿಲ್ಲ. "ದಾರಿ ಗೊತ್ತಿಲ್ಲ ಅಂತ ಹೇಳಾಕೆ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದರು. ಎರಡು ಗಂಟೆ ಎಂದೆ. "ಮುಂದಿನ ಸಲ ಹತ್ತು ನಿಮಿಷಕ್ಕೆ ಹೇಳು. ಕಾಡಾಗೆ ಗೊತ್ತಿಲ್ಲ ಅನ್ನೋನು ಬದುಕ್ತಾನೆ." ಅಂಥ ಮೇಲಿನವರು ಸಿಕ್ಕಿದ್ದು ನನ್ನ ಪುಣ್ಯ. ಅವರು ಈಗಿಲ್ಲ. ಇದ್ದಿದ್ದರೆ ಈ ಬರಹದ ಮೊದಲ ಪ್ರತಿ ಅವರಿಗೇ ಕೊಡುತ್ತಿದ್ದೆ.

ಹೊನ್ನಾಳಿಗೆ ವರ್ಗವಾಗಿ ಬಂದಾಗ ಕಾಡಿನ ಜಾಗದಲ್ಲಿ ಹೊಳೆ ಬಂತು. ಬೇಸಿಗೆಯಲ್ಲಿ ತುಂಗಭದ್ರೆ ಇಳಿದು ನಡುವೆ ಮರಳಿನ ದಿಬ್ಬಗಳು ಏಳುತ್ತವೆ. ಒಮ್ಮೆ ಪೇಟೆಯಿಂದ ಹರಿಗೋಲಿನಲ್ಲಿ ಹೊಳೆ ಸುತ್ತಬೇಕೆಂದು ಹತ್ತು ಜನ ಬಂದರು. ಜೊತೆಗೆ ಸ್ಟೌ, ಚಹಾಪುಡಿ, ಬಿಸ್ಕತ್ತು. ದಿಬ್ಬದ ಮೇಲೆ ಕೂತು ಚಹಾ ಕುಡಿಯುವುದು ಅವರ ಆಸೆ. ನನಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ಹರಿಗೋಲು ಹಾಕುವ ಹನುಮಂತಪ್ಪ ಮಾತ್ರ ದಿಬ್ಬದಿಂದ ದೂರವೇ ಹುಟ್ಟು ಹಾಕಿ ನಿಲ್ಲಿಸಿಬಿಟ್ಟ.

"ಇಳಿಯಂಗಿಲ್ರೀ. ಈ ಮರಳಾಗೆ ಹಕ್ಕಿ ಮೊಟ್ಟೆ ಅದಾವೆ. ಮರಳಿನ ಬಣ್ಣಾನೇ ಅವಕ್ಕೂ. ಕಾಣಂಗಿಲ್ಲ, ಕಾಲಿಗೆ ಸಿಗ್ತಾವೆ."

"ಸ್ವಲ್ಪ ನೋಡಿಕೊಂಡು ಇಳಿದರಾಯ್ತಲ್ಲ ಹನುಮಂತಪ್ಪ" ಎಂದೆ.

"ನಾನು ಹುಟ್ಟಿದಾಗಿಂದ ನೋಡ್ತಾ ಇದೀನ್ರೀ, ನಂಗೇ ಕಾಣಲ್ಲ. ನಿಮಗೆ ಕಾಣ್ತಾವಾ?"

ಆ ಹತ್ತು ಜನ ಹರಿಗೋಲಿನಲ್ಲೇ ಕೂತು ತಣ್ಣೀರು ಕುಡಿದರು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಹಕ್ಕಿಗಳು ನೀರಿಗೆ ಧುಮುಕಿ ಮೀನು ಎತ್ತಿಕೊಂಡು ದಿಬ್ಬಕ್ಕೆ ಹಾರುವುದನ್ನು ನೋಡುತ್ತ ಒಂದು ತಾಸು ಕೂತೇ ಇದ್ದರು. ಮುಂದೊಂದು ದಿನ ಆ ದಿಬ್ಬದ ಮರಳು ತುಂಬಲು ಟ್ರ್ಯಾಕ್ಟರ್ ಬಂದಾಗ ತಹಶೀಲ್ದಾರ್ ಕಚೇರಿಗೆ ಮೊದಲು ಅರ್ಜಿ ಬರೆದವರು ಆ ಹತ್ತು ಜನರೇ. ನೋಡಲು ಬಂದವರು ಕಾಯಲೂ ಬಂದಾರು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ. ಅಲ್ಲಿಯವರೆಗೆ ಪ್ರವಾಸಿಗಳೆಂದರೆ ಪ್ಲಾಸ್ಟಿಕ್ ಬಾಟಲಿ ಎಸೆಯುವವರು ಎಂದಷ್ಟೇ ತಿಳಿದಿದ್ದೆ. ಹಾಗೆ ಎಸೆಯುವವರೂ ಬೇಕಾದಷ್ಟು ಜನ ಬಂದಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ನ್ಯಾಮತಿಯಲ್ಲಿದ್ದಾಗ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೊದಲು ಗಸ್ತು ಹೋಗಿ ಬಂದು ರಿಜಿಸ್ಟರಿನಲ್ಲಿ ಬರೆದರೆ ಮುಗಿಯಿತು. ಹೋಗದೆಯೂ ಬರೆಯಬಹುದಿತ್ತು, ಬರೆದದ್ದೂ ಉಂಟು. ಆಮೇಲೆ ಫೋನು ಬಂತು. ನಡೆದ ದಾರಿಯ ಗೆರೆ ಫೋನಿನಲ್ಲಿ ಮೂಡುತ್ತದೆ, ಸಾಹೇಬರು ಕೂತಲ್ಲೇ ನೋಡುತ್ತಾರೆ. ಒಂದು ದಿನ ಮಂಡಿ ನೋವೆಂದು ನಾನು ಫೋನನ್ನು ದನ ಕಾಯುವ ತಿಪ್ಪೇಶಪ್ಪನ ಕೈಗೆ ಕೊಟ್ಟು, ಗುಡ್ಡದ ಅಂಚಿನಲ್ಲಿ ಒಂದು ಸುತ್ತು ಹಾಕಿ ಬಾ ಎಂದೆ. ಆತ ದನಗಳ ಹಿಂದೆ ಸುತ್ತಿ, ಹಸಿವಾದಾಗ ಊರಿಗೆ ಹೋಗಿ, ಮನೆಯಲ್ಲಿ ಮುದ್ದೆ ಉಂಡು, ಜಗಲಿಯ ಮೇಲೆ ಮಲಗಿ ಎದ್ದು ಬಂದ. ಮರುದಿನ ಸಾಹೇಬರು ಗೆರೆ ತೋರಿಸಿ, "ಹಾಲೇಶಪ್ಪ, ನಿನ್ನೆ ಈ ಮನೆಯೊಳಗೆ ಎರಡು ಗಂಟೆ ಗಸ್ತು ಮಾಡಿದ್ದೀರಿ. ಚಿರತೆ ಏನಾದರೂ ಕಂಡಿತಾ?" ಎಂದರು. ಹೊಸ ಯಂತ್ರಗಳನ್ನು ಬೈಯುತ್ತ ಕೂರುವ ಹಳಬರನ್ನು ಕಂಡಾಗ ನನಗೆ ಆ ದಿನ ನೆನಪಾಗುತ್ತದೆ. ಅದು ನಮ್ಮನ್ನು ನಡೆಯುವಂತೆ ಮಾಡಿತು. ನನ್ನ ಮಂಡಿ ನೋವೂ ನಡೆದೇ ಹೋಯಿತು.

ಇನ್ನು ಜಗಳೂರು.

ನನ್ನ ಕೊನೆಯ ಜಾಗ ಅದು. ಉಬ್ರಾಣಿಯ ತೇಗ, ಮತ್ತಿ ನೋಡಿದವನಿಗೆ ಜಗಳೂರಿನ ಕಾಡು ಮೊದಲು ಕಾಡೆಂದೇ ಅನ್ನಿಸಲಿಲ್ಲ. ಬಂಡೆ, ಜಾಲಿ, ಕಾರೆ ಮುಳ್ಳು, ಅಲ್ಲಲ್ಲಿ ಕಮರದ ಮರ. ಇದರಲ್ಲಿ ಕಾಯಲು ಏನಿದೆ ಎಂದು ಕೇಳಿದ್ದಕ್ಕೆ, ವಾಚರ್ ಕೆಲಸದಲ್ಲಿದ್ದ ಓಬಕ್ಕ, "ಕಣ್ಣಿದ್ರೆ ಕಾಣ್ತೈತೆ ಸಾಹೇಬ್ರೇ" ಎಂದಿದ್ದಳು. ಐವತ್ತು ದಾಟಿದ ಹೆಂಗಸು. ದಿನಗೂಲಿಯ ಮೇಲೆ ಇಪ್ಪತ್ತು ವರ್ಷದಿಂದ ಆ ಗುಡ್ಡಗಳನ್ನು ಕಾಯುತ್ತಿದ್ದಳು. ಅಲ್ಲಿ ಇದ್ದದ್ದು ಕೊಂಡುಕುರಿ. ಜಿಂಕೆಗಿಂತ ಚಿಕ್ಕದು, ಗಂಡಿಗೆ ನಾಲ್ಕು ಪುಟ್ಟ ಕೊಂಬು, ನಾಚಿಕೆ ಬಹಳ. ಒಂದೊಂದೇ ಓಡಾಡುತ್ತದೆ, ಸದ್ದಾದರೆ ಮಾಯ. ನಾನು ಆ ಕಾಡಿನಲ್ಲಿದ್ದ ಅಷ್ಟೂ ಕಾಲದಲ್ಲಿ ಅದನ್ನು ಕಂಡದ್ದು ಮೂರೇ ಸಲ, ಅದೂ ಹಿಂಭಾಗ.

ಆ ಗುಡ್ಡಗಳ ನಡುವೆ ಒಂದು ಕಣಿವೆ. ಊರವರು ಅದನ್ನು ಜೇನುಬಂಡೆ ಕಣಿವೆ ಎನ್ನುತ್ತಾರೆ. ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ನಾಗರಾಜ ಎಂಬವನಿಗೆ ಆ ಕಣಿವೆಯ ಬಂಡೆಯ ಮೇಲೆ ಕಣ್ಣು. ಭಾನುವಾರ ಬಂತೆಂದರೆ ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು ಹಗ್ಗ ಹಿಡಿದು ಗುಡ್ಡ ಹತ್ತುವುದು ಅವನ ಹುಚ್ಚು. ಬಂಡೆಗೆ ಹಾಕುವ ಕೊಂಡಿಗಳನ್ನು ತನ್ನ ಲೇತಿನಲ್ಲಿ ತಾನೇ ಮಾಡಿಕೊಳ್ಳುತ್ತಿದ್ದ. ಕಣಿವೆಯಲ್ಲಿ ಚಾರಣದ ದಾರಿ, ಬಂಡೆ ಹತ್ತುವ ವ್ಯವಸ್ಥೆ, ನಾಲ್ಕು ಟೆಂಟು ಬೇಕೆಂದು ಮೂರು ವರ್ಷದಿಂದ ಅರ್ಜಿ ಹಾಕಿದ್ದ. ಊರವರಿಗೂ ಅದು ಬೇಕಾಗಿತ್ತು, ಅಡುಗೆ, ದಾರಿ ತೋರಿಸುವುದು ಎಂದು ನಾಲ್ಕು ಮನೆಗೆ ಕೆಲಸ ಸಿಗುತ್ತಿತ್ತು. ನಮ್ಮ ವಲಯಾಧಿಕಾರಿ ಶೈಲಜಾ ಮೇಡಂ ಒಂದೇ ಷರತ್ತು ಹಾಕಿದರು. ಮೊದಲು ಹೊರಗಿನ ತಜ್ಞರು ಬಂದು ಸರ್ವೆ ಮಾಡಲಿ. ಕಣಿವೆಯಲ್ಲಿ ಕೊಂಡುಕುರಿ ಇದ್ದರೆ ದಾರಿಯೂ ಟೆಂಟೂ ಹೊರಗಿನ ದಿಣ್ಣೆಯ ಮೇಲೆ. ಇಲ್ಲದಿದ್ದರೆ ಒಳಗೆ. ನ್ಯಾಯವಾದ ಮಾತು, ಎಲ್ಲರೂ ಒಪ್ಪಿದರು.

ಸರ್ವೆ ಬುಧವಾರಕ್ಕೆ ನಿಗದಿಯಾಯಿತು. ಅದಕ್ಕೆ ಮೊದಲು ಸೋಮವಾರ ಮೇಲಿನ ಸಾಹೇಬರೊಬ್ಬರು ಕಣಿವೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಇನ್ನೇನು ಬೇಕು, ನನ್ನ ಹಳೆಯ ರೋಗ ಎದ್ದಿತು. ಓಬಕ್ಕ ತಂಗಿಯ ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದಳು. ನಾನೇ ಕೂಲಿಯವರನ್ನು ಕರೆದುಕೊಂಡು, ಕಸಬಾರಿಗೆ, ಸುಣ್ಣ ಹಿಡಿದು ಕಣಿವೆಗೆ ಇಳಿದೆ.

ದಾರಿಯುದ್ದಕ್ಕೂ ಅಲ್ಲಲ್ಲಿ ಹಿಕ್ಕೆಯ ಗುಡ್ಡೆಗಳಿದ್ದವು. ನೋಡಿದ ತಕ್ಷಣ ಅಂದುಕೊಂಡೆ, ಆಡಿನ ಹಿಕ್ಕೆ! ಆ ಕಾಡಿನೊಳಗೆ ಆಡು ಬಿಡುವಂತಿಲ್ಲ. ಸಾಹೇಬರು ನೋಡಿದರೆ ಮೊದಲ ಪ್ರಶ್ನೆ, ಹಾಲೇಶಪ್ಪ, ಆಡು ಒಳಗೆ ಹೇಗೆ ಬಂತು ಎಂದು. ನಿವೃತ್ತಿಗೆ ವರ್ಷವೂ ಇರದಿದ್ದ ಹೊತ್ತಿನಲ್ಲಿ ಈ ಮಾತು ಬೇಡ ಎಂದುಕೊಂಡು ಒಂದೂ ಬಿಡದಂತೆ ಗುಡಿಸಿಸಿದೆ. ಚೀಲಕ್ಕೆ ತುಂಬಿಸಿ ನರ್ಸರಿಗೆ ಗೊಬ್ಬರಕ್ಕೆ ಕಳಿಸಿದೆ. ಆಮೇಲೆ ದಾರಿಯ ಎರಡೂ ಬದಿಯ ಕಲ್ಲಿಗೆ ಸುಣ್ಣ. ಸೋಮವಾರ ಸಾಹೇಬರು ಬಂದರು, ನಡೆದರು, ಏನೂ ಅನ್ನಲಿಲ್ಲ. ನನಗೆ ಬಹಳ ಸಮಾಧಾನವಾಯಿತು. ಬುಧವಾರ ತಜ್ಞರು ಬಂದು ಸಂಜೆಯವರೆಗೆ ಹುಡುಕಿದರು. ಕೊಂಡುಕುರಿಯ ಯಾವ ಗುರುತೂ ಇಲ್ಲ ಎಂದು ಬರೆದುಕೊಂಡು ಹೋದರು.

ಗುರುವಾರ ಓಬಕ್ಕ ಬಂದಳು. ಕಣಿವೆಗೆ ಹೋದವಳು ಅರ್ಧ ಗಂಟೆಯಲ್ಲಿ ತಿರುಗಿ ಬಂದು ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರ್ರೀ ಅಲ್ಲಿ ಕಸ ಹೊಡ್ದೋರು?"

"ನಾನೇ ಹೊಡೆಸಿದೆ. ಯಾಕೆ? ಊರಿನ ಆಡೆಲ್ಲ ಒಳಗೆ ನುಗ್ಗಿದ್ದವು, ನೀನು ನೋಡಿಕೊಂಡಿಲ್ಲ ಅಂತ ನಾನೇ ನಿನಗೆ ಬೈಯಬೇಕು ಅಂತಿದ್ದೆ."

ಅವಳು ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನಪ್ಪಾ! ಅದು ಆಡಿಂದಲ್ರೀ, ಕೊಂಡುಕುರೀದು! ಆಡು ನಡ್ಕಂತ ಹಾಕ್ತೈತೆ, ದಾರಿ ತುಂಬಾ ಚೆಲ್ಲಾಡಿರ್ತೈತೆ. ಇದು ಹಂಗಲ್ಲ, ಬಂದು ಬಂದು ಒಂದೇ ಕಡೆ ಹಾಕ್ತೈತೆ. ಗುಡ್ಡೆ ನೋಡಿದ್ರೆ ತಿಳೀಬ್ಯಾಡ್ವೇನ್ರೀ? ಏಳು ಜಾಗ ಇದ್ವು. ಅವುಗಳ ಪಾಯಿಖಾನೇನೆಲ್ಲಾ ಗುಡಿಸಿ ಹಾಕೀರಲ್ರೀ!"

ಇಷ್ಟು ವರ್ಷ ಕಾಡಿನಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ ಎಂಬುದು ಇನ್ನೂ ಸರಿಯಾದ ಮಾತು. ಕಣಿವೆಯಲ್ಲಿ ಕೊಂಡುಕುರಿ ಇಲ್ಲವೆಂದು ಈಗ ಕಾಗದದಲ್ಲಿ ಬಂದಿತ್ತು. ಹದಿನೈದು ದಿನದಲ್ಲಿ ಟೆಂಟಿನ ಸಾಮಾನು ಬರುವುದಿತ್ತು. ಅವು ಬಂದರೆ ಆ ನಾಚಿಕೆಯ ಪ್ರಾಣಿ ಇನ್ನು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕಾರಣ ಕಳ್ಳಬೇಟೆಯವರಲ್ಲ, ಕಾಯಲು ಸಂಬಳ ತಿಂದ ನಾನು.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ನನಗೊಂದು ಉಪಾಯ ಹೊಳೆಯಿತು, ಬರೆಯಲು ನಾಚಿಕೆಯಾಗುತ್ತದೆ. ಓಬಕ್ಕನನ್ನು ಬದಿಗೆ ಕರೆದು, "ನರ್ಸರಿಯಲ್ಲಿ ಆ ಚೀಲ ಇನ್ನೂ ಹಾಗೇ ಇದೆ. ತಂದು ಇದ್ದ ಜಾಗದಲ್ಲೇ ಹಾಕಿಬಿಡೋಣ. ಸರ್ವೆಯವರಿಗೆ ಕಣ್ಣು ತಪ್ಪಿತ್ತು ಅಂದರಾಯ್ತು" ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. "ಖಾಕಿ ಹಾಕ್ಕೊಂಡು ಹಿಕ್ಕೆ ಹೊರ್ತೀರೇನ್ರೀ ಸಾಹೇಬ್ರೇ!" ಎಂದು ನಕ್ಕು, ಆಮೇಲೆ ಗಂಭೀರವಾದಳು. "ಬ್ಯಾಡ್ರೀ. ಗುಡಿಸಿದ್ದು ತಿಳೀದೆ ಮಾಡಿದ್ದು. ಇದು ತಿಳಿದು ಮಾಡಿದಂಗಾಗ್ತೈತೆ. ನಾಳೆ ನಿಜವಾಗ್ಲೂ ಅದಾವೆ ಅಂದ್ರೂ ಯಾರು ನಂಬ್ತಾರೆ? ಮೇಡಂಗೆ ಹೋಗಿ ಹೇಳ್ರಿ."

"ಹೆದರಿಕೆ ಆಗ್ತದೆ ಓಬಕ್ಕ."

"ಆಗ್ಲಿ ಬಿಡ್ರಿ. ಅವಕ್ಕೂ ನಿಮ್ಮ ಸುಣ್ಣ ನೋಡಿ ಆಗೇತೆ."

ಅವತ್ತು ಸಂಜೆ ಮೇಡಂ ಎದುರು ನಿಂತು ಎಲ್ಲವನ್ನೂ ಹೇಳಿದೆ. ಗುಡಿಸಿದ್ದು, ಆಡೆಂದು ಹೆದರಿ ಗುಡಿಸಿದ್ದು, ಚೀಲವನ್ನು ತಿರುಗಿ ತರಬೇಕೆಂದಿದ್ದು ಕೂಡ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಹಾಲೇಶಪ್ಪನವರೇ, ಇದನ್ನು ನಿಮ್ಮ ಕೈಯಲ್ಲೇ ಬರೆದುಕೊಡಬೇಕಾಗುತ್ತದೆ. ಮೇಲೆ ಕಳಿಸಿದರೆ ನಿಮಗೆ ನೋಟಿಸ್ ಬರುತ್ತದೆ. ಈ ವಯಸ್ಸಿನಲ್ಲಿ ಅದು ಬೇಕಾ, ಯೋಚನೆ ಮಾಡಿ. ಕಳಿಸದಿದ್ದರೆ ಕಣಿವೆಯಲ್ಲಿ ಟೆಂಟ್ ಬರುತ್ತದೆ."

"ಕಳಿಸಿ ಮೇಡಂ" ಎಂದೆ. ಧೈರ್ಯದಿಂದಲ್ಲ. ಓಬಕ್ಕನ ಮುಖ ಮತ್ತೆ ನೋಡಬೇಕಾಗುತ್ತದಲ್ಲ ಎಂದು.

ನೋಟಿಸ್ ಬಂತು. ಉತ್ತರ ಬರೆದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಅದರ ಹಿಂದೆ ಮೇಡಂ ಎಷ್ಟು ಓಡಾಡಿದ್ದರೆಂದು ಆಮೇಲೆ ಗುಮಾಸ್ತರಿಂದ ತಿಳಿಯಿತು, ಅವರು ಒಂದು ಮಾತೂ ಆಡಲಿಲ್ಲ. ಆರು ವಾರ ಬಿಟ್ಟು ಮತ್ತೆ ಸರ್ವೆ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಯಾರೂ ಕಣಿವೆಗೆ ಕಾಲಿಡುವಂತಿಲ್ಲ. ಆಗಲೂ ಗುರುತು ಸಿಗದಿದ್ದರೆ ಕಣಿವೆ ಟೆಂಟಿಗೆ.

ನಾಗರಾಜನಿಗೆ ನಾನೇ ಹೋಗಿ ಹೇಳಿದೆ. ಲೇತ್ ನಿಲ್ಲಿಸಿ ಕೇಳಿದ. ಮುಖ ಕೆಂಪಾಯಿತು. "ಮೂರು ವರ್ಷ ಆತು ಹಾಲೇಶಣ್ಣ, ಮೂರು ವರ್ಷ! ಈಗ ಕೈಗೆ ಬಂದಿದ್ದನ್ನ ನೀವೇ..." ಎಂದು ಮಾತು ನಿಲ್ಲಿಸಿ, ಮತ್ತೆ ಲೇತ್ ಚಾಲು ಮಾಡಿದ. ನಾನು ಹೊರಟುಬಂದೆ.

ಆ ಭಾನುವಾರ ಬೆಳಿಗ್ಗೆ ಅವನ ಗುಂಪು ಜಗಳೂರಿಗೆ ಬಂದಿಳಿಯಿತು. ಹಗ್ಗವಿಲ್ಲ, ಕೊಂಡಿಗಳಿಲ್ಲ. ಕೈಯಲ್ಲಿ ತೆಂಗಿನ ನಾರು, ಗೋಣಿಚೀಲದ ತುಂಡು, ಹೆಗಲ ಮೇಲೆ ನೀರಿನ ಕ್ಯಾನು. ಬಿಳಿ ಕಲ್ಲು ಹಾಗೇ ಇದ್ದರೆ ಅವು ಹತ್ತಿರ ಬರುವುದಿಲ್ಲ ಎಂದು ಓಬಕ್ಕ ಮೇಡಂಗೆ ಹೇಳಿದ್ದಳಂತೆ. ಮೇಡಂ ಅವನಿಗೆ ಫೋನ್ ಮಾಡಿ ಒಂದೇ ಒಂದು ದಿನಕ್ಕೆ ಅನುಮತಿ ಕೊಟ್ಟಿದ್ದರು. ನನ್ನ ಸುಣ್ಣವನ್ನು ಆ ಇಪ್ಪತ್ತು ಮಂದಿ ಕಲ್ಲಿನಿಂದ ಕಲ್ಲಿಗೆ ಕುಕ್ಕರಗಾಲಲ್ಲಿ ಕೂತು ಉಜ್ಜಿ ತೆಗೆದರು. ಆ ಕಣಿವೆಯಲ್ಲಿ ಟೆಂಟ್ ಹಾಕಬೇಕೆಂದು ಕಾದಿದ್ದವರೇ ಅವರು. ನಾಗರಾಜನ ಪಕ್ಕ ಕೂತು ನಾನೂ ಉಜ್ಜತೊಡಗಿದೆ.

"ಕೊಂಡುಕುರಿ ಬಂದ್ರೆ ನಿನ್ನ ಬಂಡೆ ಹೋಯ್ತಲ್ಲ ನಾಗರಾಜ" ಎಂದೆ.

ಅವನು ತಲೆ ಎತ್ತದೆ ಹೇಳಿದ: "ಬರೀ ಬಂಡೆ ಹತ್ತಾಕೆ ಇಷ್ಟು ದೂರ ಯಾಕ್ ಬರಬೇಕಣ್ಣ? ಊರ ಹತ್ರಾನೇ ಕ್ವಾರಿ ಅದಾವೆ. ಇಲ್ಲಿ ಅವು ಅದಾವೆ ಅಂತಾನೇ ನಾವು ಬರೋದು. ಅವು ಹೋದ್ರೆ ಇದೂ ಒಂದು ಕ್ವಾರಿ."

ಸಾಹಸ ಪ್ರವಾಸಕ್ಕೂ ಕಾಡು ಉಳಿಸುವುದಕ್ಕೂ ಏನು ಸಂಬಂಧ ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಕೂತು ಕೇಳಿದ್ದೇನೆ. ಸುಣ್ಣದ ನೀರು ಮೊಣಕೈಗೆ ಇಳಿಯುತ್ತಿದ್ದ ಆ ಲೇತ್ ಕೆಲಸದವನ ಮಾತಿಗಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಆರು ವಾರ ಕಾದೆವು. ಅದಕ್ಕಿಂತ ಉದ್ದದ ಆರು ವಾರ ನಾನು ಕಂಡಿಲ್ಲ. ಓಬಕ್ಕ ದಿನಾ ಹೊರಗಿನ ದಿಣ್ಣೆಯ ಮೇಲೆ ಕೂತು ಕೆಳಗೆ ನೋಡಿ ಬರುತ್ತಿದ್ದಳು. ಏನಾದರೂ ಕಂಡಿತೇ ಎಂದು ಕೇಳಿದರೆ, "ಕಾಣಾಕೆ ಅವೇನು ಬಸ್ಸೇನ್ರೀ, ಹೊತ್ತಿಗೆ ಬರಾಕೆ?" ಎನ್ನುತ್ತಿದ್ದಳು. ನಾಗರಾಜನ ಗುಂಪು ಪ್ರತಿ ಭಾನುವಾರ ಬಂದು ದಿಣ್ಣೆಯ ಹೊರಮೈಯಲ್ಲೇ ನಡೆದು ಹೋಗುತ್ತಿತ್ತು. ಬರೀ ನಡೆಯಲಿಲ್ಲ. ಪೊದೆಗಳಲ್ಲಿ ಕಟ್ಟಿದ್ದ ತಂತಿಯ ಉರುಲುಗಳನ್ನು ಬಿಚ್ಚಿ ಒಂದು ಚೀಲದ ತುಂಬ ತಂದು ನನ್ನ ಮುಂದೆ ಸುರಿದರು. ನಾನು ವಾರಕ್ಕೆರಡು ಸಲ ಗಸ್ತು ಹೋಗುತ್ತಿದ್ದ ಜಾಗ ಅದು. ನನ್ನ ಎರಡು ಕಣ್ಣಿಗೆ ಕಾಣದ್ದು ನಲವತ್ತು ಕಣ್ಣಿಗೆ ಕಂಡಿತ್ತು. ಮೊದಲಾಗಿದ್ದರೆ ಅವಮಾನವೆಂದುಕೊಳ್ಳುತ್ತಿದ್ದೆ. ಈಗ ಕೈ ಮುಗಿದು ತೆಗೆದುಕೊಂಡೆ.

ಎರಡನೆಯ ಸರ್ವೆಯ ದಿನ ಮೇಡಂ, ತಜ್ಞರು, ನಾಗರಾಜ, ನಾನು ಸಾಲಾಗಿ ಇಳಿದೆವು. ಎಲ್ಲರ ಮುಂದೆ ಓಬಕ್ಕ, ಚಪ್ಪಲಿ ಕೈಯಲ್ಲಿ ಹಿಡಿದು. ಮೊದಲಿನ ಜಾಗ ಖಾಲಿ. ಎರಡನೆಯದೂ ಖಾಲಿ. ಮೂರನೆಯ ಜಾಗದಲ್ಲಿ ಒಣ ಎಲೆ ಬಿಟ್ಟರೆ ಏನಿಲ್ಲ. ಪ್ರತಿ ಸಲವೂ ತಜ್ಞರು ಹಾಳೆಯಲ್ಲಿ ಒಂದು ಗೆರೆ ಎಳೆದರು. ನಾಲ್ಕನೆಯದೂ ಇಲ್ಲ. ಓಡಿಸಿಬಿಟ್ಟೆನಲ್ಲಾ ದೇವರೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕಮರದ ಮರದ ಕೆಳಗೆ ಬಂದಾಗ ಓಬಕ್ಕ ನಿಂತಳು. ಬೆರಳು ತೋರಿಸಲಿಲ್ಲ. ಹಿಂದೆ ತಿರುಗಿ ನನ್ನನ್ನು ಮಾತ್ರ ನೋಡಿದಳು. ಅವಳ ಕಾಲ ಬುಡದಲ್ಲಿ, ಹಿಂದೆ ನಾನು ನಿಂತು ಗುಡಿಸಿಸಿದ್ದ ಅದೇ ಜಾಗದಲ್ಲಿ, ಒಂದು ಬೊಗಸೆಯಷ್ಟು ಹಿಕ್ಕೆ. ಕಪ್ಪಗೆ, ಹೊಸದಾಗಿ, ಒಂದೇ ಕಡೆ ಗುಡ್ಡೆಯಾಗಿ. ನಾನು ಅಲ್ಲೇ ಕೂತುಬಿಟ್ಟೆ. ಅರವತ್ತರ ಅಂಚಿನ ಗಂಡಸು ಹಿಕ್ಕೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುವುದನ್ನು ನೀವು ನೋಡಿರಲಿಕ್ಕಿಲ್ಲ. ಅವರೆಲ್ಲ ನೋಡಿದರು, ಯಾರೂ ನಗಲಿಲ್ಲ. ಮುಂದೆ ಇನ್ನೆರಡು ಕಡೆ ಸಿಕ್ಕವು. ನಾಗರಾಜ ತನ್ನ ಬಂಡೆಯನ್ನು ಒಮ್ಮೆ ತಲೆಯೆತ್ತಿ ನೋಡಿ, "ಹೊರಗಿನ ದಾರೀನೇ ಗಾಳಿ ಚೆನ್ನಾಗೈತೆ ಬಿಡ್ರಿ ಮೇಡಂ" ಎಂದ. ಚಾರಣದ ದಾರಿ ಈಗಿರುವುದು ಅಲ್ಲೇ, ದಿಣ್ಣೆಯ ಮೇಲೆ. ದಾರಿ ತೋರಿಸಲು ಊರಿನ ನಾಲ್ಕು ಜನರಿದ್ದಾರೆ.

ಅಲ್ಲೇ ಮರದ ನೆರಳಿನಲ್ಲಿ ತಜ್ಞರು ಫಾರಂ ನನ್ನ ಕೈಗೆ ಕೊಟ್ಟು, ಸಿಬ್ಬಂದಿಯ ಭಾಗ ತುಂಬಿ ಎಂದರು. ಅದರಲ್ಲಿ, ಗುರುತು ಪತ್ತೆ ಹಚ್ಚಿದವರ ಹೆಸರು ಎಂದು ಒಂದು ಕಾಲಂ. ಅಂಥ ಕಾಲಂಗಳನ್ನು ಸರ್ವೀಸಿನುದ್ದಕ್ಕೂ ತುಂಬಿದ್ದೇನೆ. ಕಂಡವರು ಯಾವ ವಾಚರೇ ಆಗಿರಲಿ, ದನ ಕಾಯುವವನೇ ಆಗಿರಲಿ, ಹೆಸರು ಬರೆದದ್ದು ಗಾರ್ಡಿನದು, ಅಂದರೆ ನನ್ನದು. ಹಾಗೇ ಬರೆಯುವುದು ರೂಢಿ, ಯಾರೂ ಕೇಳಿದವರಿಲ್ಲ. ಈ ಸಲ ಪೆನ್ನು ಆ ಕಡೆ ಓಡಲಿಲ್ಲ. ದಪ್ಪ ಅಕ್ಷರದಲ್ಲಿ ಓಬಕ್ಕ ಎಂದು ಬರೆದೆ.

ಅವಳಿಗೆ ಓದಲು ಬರುವುದಿಲ್ಲ. ಹೆಗಲ ಮೇಲಿಂದ ಬಗ್ಗಿ, "ಏನ್ ಬರದ್ರಿ ಸಾಹೇಬ್ರೇ?" ಎಂದು ಕೇಳಿದಳು.

"ನಿನ್ನ ಹೆಸರು. ಯಾರು ಪತ್ತೆ ಮಾಡಿದ್ದು ಅಂತ ಕೇಳಿದ್ದಾರೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಯಾರು ಗುಡಿಸಿದ್ದು ಅಂತ ಕೇಳಿಲ್ಲೇನ್ರೀ?" ಎಂದಳು.

"ಇಲ್ಲ. ಆ ಕಾಲಂ ಇಲ್ಲ."

"ಇರಬೇಕಿತ್ತು ಬಿಡ್ರಿ."

ನಾನು ಹಾಳೆ ತಿರುಗಿಸಿ ಹಿಂದುಗಡೆ ನನ್ನ ಹೆಸರು ಬರೆದು ಸಹಿ ಮಾಡಿದೆ.